ಬೇಯದ ತಿರುಳು

ಈಲಿ ನದಿಯ ದಡದ ಷಿಬೆ ಜನ ತಮ್ಮ ಊರನ್ನು ನಿರು ಎನ್ನುತ್ತಾರೆ. ಅವರ ಮೂರನೇ ನಿರುವಿನಲ್ಲಿ ಜರ್ದಾಳು ಮರ ಹೂ ಬಿಟ್ಟಿತೆಂದರೆ ಹೆಂಗಸರಿಗೆ ಒಳಗೊಳಗೇ ಪುಕಪುಕ. ವರ್ಷವೂ ಅದೇ ಹೊತ್ತಿಗೆ ಯಾರದೋ ಮನೆಯ ಸೊಸೆಯೋ ಕೂಸೋ ಹಾಸಿಗೆ ಹಿಡಿಯುವುದು ತಪ್ಪುತ್ತಿರಲಿಲ್ಲ. ಜ್ವರವಿಲ್ಲ, ಗಾಯವಿಲ್ಲ. ಮೊದಲು ಕಣ್ಣರೆಪ್ಪೆ ಜೋಲುತ್ತಿತ್ತು, ಆಮೇಲೆ ನುಂಗಲು ಆಗುತ್ತಿರಲಿಲ್ಲ, ಕೊನೆಗೆ ಉಸಿರೇ ನಿಲ್ಲುತ್ತಿತ್ತು. ಗಂಡಸರಿಗೆ ಬಂದದ್ದು ಅಪರೂಪ. ಗಾಳಿ ಸೋಕು ಎಂದರು ಕೆಲವರು. ಕಾಲುವೆ ತೋಡಿದ್ದಕ್ಕೆ ಭೂಮಿ ಮುನಿದಿದೆ ಎಂದರು ಇನ್ನು ಕೆಲವರು.

ಆ ವರ್ಷ ಅದು ನಿಚುಹೆ ಅಜ್ಜಿಯ ಮನೆಗೇ ಬಂತು.

"ಅತ್ತೆ, ನಂಗೆ ಎರಡೆರಡು ಒಲೆ ಕಾಣ್ತಾ ಇದೆ," ಎಂದಳು ಸೊಸೆ ಹೋಜೋ.

"ಎರಡು ಒಲೆ ಇದ್ದಿದ್ರೆ ನಿನ್ನ ರೊಟ್ಟಿ ಹೊತ್ತಿಗೆ ಸರಿಯಾಗಿ ಬೇಯ್ತಿತ್ತು ಬಿಡೇ," ಎಂದು ನಕ್ಕ ಅಜ್ಜಿ ತಿರುಗಿ ನೋಡಿದಳು. ಸೊಸೆಯ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಹಾಲುಚಹದ ಬಟ್ಟಲು ತುಟಿಗಿಟ್ಟರೆ ಕುಡಿದದ್ದು ಮೂಗಿನಿಂದ ಹೊರಗೆ ಬಂತು. ಅಜ್ಜಿಯ ನಗು ಅಲ್ಲೇ ಒಣಗಿತು.

ಮಗ ಬಯಾನ್ತು ಓಡಿ ಹೋಗಿ ದಾದಿ ಉರ್ಗುನ್‌ಳನ್ನು ಕರೆತಂದ. ಉರ್ಗುನ್ ಪಕ್ಕದ ನಿರುವಿನ ಹುಡುಗಿ. ಪಟ್ಟಣದಲ್ಲಿ ಕಲಿತು, ಈಗ ಈ ಕಾಯಿಲೆಯ ಬೆನ್ನು ಹತ್ತಿ ಬಂದಿದ್ದ ವೈದ್ಯರ ಜೊತೆ ಕೆಲಸ ಮಾಡುತ್ತಿದ್ದಳು. ಹೋಜೋಳ ಕಣ್ಣಿಗೆ ದೀಪ ಹಿಡಿದು ನೋಡಿ, "ತಡ ಮಾಡ್ಬೇಡಿ ಅಣ್ಣಾ, ಗಾಡಿ ಕಟ್ಟಿ. ಹೊಳೆ ದಾಟಿ ದೊಡ್ಡಾಸ್ಪತ್ರೆಗೆ," ಎಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಈ ವಾರ ಇವಳು ಹಸೀದು ಏನಾದ್ರೂ ತಿಂದ್ಲಾ?"

"ಹಸೀದು ತಿನ್ನೋಕೆ ನಾವೇನು ದನವಾ?"

"ಮಿಸುನ್ ಉಂಡೆ?"

ಅಜ್ಜಿ ಸೆಟೆದು ನಿಂತಳು. ಮಿಸುನ್ ಎಂದರೆ ಆ ಮನೆಗಳಲ್ಲಿ ವರ್ಷಕ್ಕೆಲ್ಲ ಬೇಕಾದ ಹುಳಿಹಿಟ್ಟಿನ ಗೊಜ್ಜು. ವಸಂತದಲ್ಲಿ ಗೋಧಿ ಹಿಟ್ಟನ್ನು ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಒಣಹುಲ್ಲಿನೊಳಗೆ ಹುಗಿದು ಹುಳಿ ಬರಿಸುತ್ತಾರೆ. ಮೂರು ವಾರಕ್ಕೆ ತೆಗೆದು ಒಣಗಿಸಿ, ಕುಟ್ಟಿ, ಉಪ್ಪುನೀರಲ್ಲಿ ಕಲಸಿ ಬಿಸಿಲಿಗಿಟ್ಟು, ಉಣ್ಣುವಾಗ ಒಲೆಯ ಮೇಲೆ ಕುದಿಸುತ್ತಾರೆ. ನಿಚುಹೆಯ ಕೈಯ ಮಿಸುನ್ ಎಂದರೆ ಊರಿಗೇ ಹೆಸರು.

"ನೋಡು ಮಗಾ," ಎಂದಳು ಅಜ್ಜಿ, "ಹೋದ ವರ್ಷದ ಉಂಡೆದೇ ಗೊಜ್ಜು, ಚಳಿಗಾಲ ಪೂರ್ತಿ ಇಡೀ ಮನೆ ಉಂಡಿದೆ. ನನ್ನ ಮಗ ಎರಡು ಸಲ ಬಡಿಸ್ಕೊಂಡು ಉಂಡ. ಅವನಿಗೇನಾಗಿದೆ? ಎತ್ತಿನ ಹಾಗಿದಾನೆ."

"ಗೊಜ್ಜು ಒಲೆ ಮೇಲೆ ಕುದೀತಲ್ಲ ಅಜ್ಜಿ. ನಾ ಕೇಳ್ತಿರೋದು ಕುದಿಯೋಕೆ ಮುಂಚೆ. ಈ ದೆವ್ವ ಯಾಕೆ ಹೆಂಗಸರನ್ನ, ಮಕ್ಕಳನ್ನ ಮಾತ್ರ ಹಿಡಿಯುತ್ತೆ? ಉಂಡೆ ಬಿಚ್ಚೋ ಹೊತ್ತಲ್ಲಿ ಅಡುಗೆಮನೇಲಿ ಯಾರಿರ್ತಾರೆ ಹೇಳಿ?"

"ಉಂಡೇನೂ ಹಬೇಲಿ ಬೇಯಿಸಿದೀನಿ. ಬೆಂದದ್ದರೊಳಗೆ ಏನು ಬದುಕಿರುತ್ತೆ?"

"ಬೀಜ ಬದುಕಿರುತ್ತೆ. ಕಣ್ಣಿಗೆ ಕಾಣದ ಕ್ರಿಮಿಯ ಬೀಜ. ಕಲ್ಲಿಗಿಂತ ಗಟ್ಟಿ, ಹಬೆಗೂ ಸಾಯಲ್ಲ. ನೀವು ಹುಲ್ಲೊಳಗೆ ಬೆಚ್ಚಗೆ ಹುಗಿದ್ರಿ. ಮೇಲಿನ ಸಿಪ್ಪೆಗೆ ಗಾಳಿ ತಾಗುತ್ತೆ, ನಡುವಿನ ತಿರುಳಿಗೆ ತಾಗಲ್ಲ. ಗಾಳಿ ಇಲ್ಲದ ಜಾಗವೇ ಅದಕ್ಕೆ ಬೇಕು. ಅಲ್ಲಿ ಮೊಳೆತು ವಿಷ ಕಾರುತ್ತೆ."

"ಪಟ್ಟಣದಲ್ಲಿ ಕಥೆ ಕಟ್ಟೋದನ್ನೂ ಕಲಿಸ್ತಾರೆ ಅಂತಾಯ್ತು," ಎಂದಳು ಅಜ್ಜಿ.

ಉಂಡೆ ಹದಕ್ಕೆ ಬಂತೇ ಎಂದು ನೋಡಲು ಒಂದನ್ನು ಮುರಿಯುವುದು ವಾಡಿಕೆ. ಸಿಪ್ಪೆ ಒರಟು. ನಡುವಿನ ತಿರುಳು ಮೆತ್ತಗೆ, ಸಿಹಿಹುಳಿ. ಅದು ಮನೆಯ ಮುದ್ದಿನವರಿಗೆ. ಐದು ದಿನದ ಹಿಂದೆ ಅದನ್ನು ಹೋಜೋಳ ಬಾಯಿಗೆ ಇಟ್ಟವಳು ನಿಚುಹೆಯೇ. ಆ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಉರ್ಗುನ್ ವಾದಕ್ಕಿಳಿಯಲಿಲ್ಲ. ಬಯಾನ್ತು ಹೋಜೋಳನ್ನು ಗಾಡಿಯಲ್ಲಿ ಕರೆದುಕೊಂಡು ಹೊರಟ ಮೇಲೆ, ವೈದ್ಯರ ಬಿಡಾರದಿಂದ ಎರಡು ಪುಟ್ಟ ಗೂಡು ತಂದಿಟ್ಟಳು. ಒಂದೊಂದರಲ್ಲೂ ಎರಡೆರಡು ಬಿಳಿ ಇಲಿ. ಹುಲ್ಲಿನೊಳಗಿಂದ ಒಂದು ಉಂಡೆ ತೆಗೆಸಿ, ತಿರುಳನ್ನು ನೀರಲ್ಲಿ ಅರೆದು ಸಮನಾಗಿ ಎರಡು ಪಾಲು ಮಾಡಿದಳು.

"ಒಂದು ಪಾಲು ನಿಮ್ಮ ಒಲೆ ಮೇಲೆ, ನಿಮ್ಮ ಕೈಯಾರೆ ಕುದಿಸಿ ಅಜ್ಜಿ. ಬರೀ ಬಿಸಿಯಾದ್ರೆ ಸಾಲದು, ತಳಬಳ ಕುದೀಬೇಕು. ನಾನು ಸಾಕು ಅನ್ನೋವರೆಗೂ ಇಳಿಸ್ಬೇಡಿ."

ಕುದಿದು ಆರಿದ್ದನ್ನು ಒಂದು ಗೂಡಿನ ಇಲಿಗಳಿಗೆ ಸೂಜಿಯಲ್ಲಿ ಚುಚ್ಚಿದಳು. ಹಸಿಯದ್ದನ್ನು ಇನ್ನೊಂದಕ್ಕೆ. ಹಸಿಯ ಗೂಡಿಗೆ ಅಜ್ಜಿಯ ಕೈಯಲ್ಲೇ ಕೆಂಪು ದಾರ ಕಟ್ಟಿಸಿದಳು.

"ನಾಳೆವರೆಗೆ ಇವು ನಿಮ್ಮ ಕಣ್ಣೆದುರಿಗೇ ಇರ್ಲಿ. ಅಲ್ಲಿವರೆಗೂ ಉಂಡೆ ಮುಟ್ಟಬೇಡಿ. ನನ್ನ ಮಾತು ನಂಬದಿದ್ರೂ ಸರಿ, ಮುಟ್ಟೋದು ಮಾತ್ರ ಬೇಡ."

ಬೆಳಗಾಯಿತು. ಅಜ್ಜಿ ಮೊದಲು ನೋಡಿದ್ದು ಗೂಡುಗಳನ್ನು. ನಾಲ್ಕೂ ಇಲಿ ಓಡಾಡುತ್ತಿದ್ದವು. ಅವಳ ಎದೆಯ ಕಲ್ಲು ಇಳಿಯಿತು. ಬೇಲಿಯಾಚೆಯ ಪಕ್ಕದ ಮನೆಯವಳಿಗೆ ಕೇಳುವ ಹಾಗೆ, "ಬಾ ನೋಡು, ದಾದಿಯಮ್ಮನ ಇಲಿಗಳು ಮದುವೆ ದಿಬ್ಬಣಕ್ಕೆ ಹೊರಟ ಹಾಗಿವೆ," ಎಂದಳು.

ಒಳಗೆ ಆರು ವರ್ಷದ ಮೊಮ್ಮಗಳು ಫಿಯಾಂಗು ಅಮ್ಮ ಬೇಕೆಂದು ಹಟ ಹಿಡಿದಿದ್ದಳು. ರೊಟ್ಟಿ ಕೊಟ್ಟರೆ ಎಸೆದಳು, ಹಾಲು ಕೊಟ್ಟರೆ ಚೆಲ್ಲಿದಳು. ಮಗು ನಿನ್ನೆಯಿಂದ ಏನೂ ತಿಂದಿಲ್ಲ. ಅಜ್ಜಿಯ ಕೈ ತಾನಾಗಿಯೇ ಹುಲ್ಲಿನೊಳಗೆ ಹೋಯಿತು. ಉಂಡೆ ಮುರಿದಳು. ತಿರುಳು ಜೇನುಬಣ್ಣಕ್ಕೆ ತಿರುಗಿತ್ತು. ಮಗು ಅಳುವುದನ್ನು ನಿಲ್ಲಿಸಿ ಬೆರಳು ನೆಕ್ಕಿತು.

ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಉರ್ಗುನ್ ಬಂದಳು. ನೇರ ಕೆಂಪು ದಾರದ ಗೂಡಿನ ಮುಂದೆ ಹೋಗಿ ಕೂತಳು.

"ಅಜ್ಜಿ, ಇಲ್ಲಿ ಬನ್ನಿ. ಸೊಂಟ ನೋಡಿ."

ಒಂದು ಇಲಿ ಮೂಲೆಗೆ ಆತುಕೊಂಡಿತ್ತು. ಉಸಿರೆಳೆದಾಗಲೆಲ್ಲ ಅದರ ಪಕ್ಕೆ ಒಳಕ್ಕೆ ಸೇದಿಕೊಂಡು ಕಣಜದ ಹುಳುವಿನ ನಡುವಿನಂತೆ ಸಣ್ಣಗಾಗುತ್ತಿತ್ತು. ಹಿಂಗಾಲು ಎಳೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡನೆಯದೂ ಹಾಗೆಯೇ ಆಯಿತು. ಪಕ್ಕದ ಗೂಡಿನಲ್ಲಿ ಕುದಿಸಿದ ಪಾಲು ಹೊಕ್ಕ ಇಲಿಗಳು ಕಾಳು ಕಡಿಯುವ ಕಟಕಟ ಸದ್ದು.

"ಒಂದೇ ಉಂಡೆ ಅಜ್ಜಿ, ಒಂದೇ ತಿರುಳು. ನಡುವೆ ಇರೋ ವ್ಯತ್ಯಾಸ ನಿಮ್ಮ ಒಲೆಯದ್ದು ಮಾತ್ರ. ಈ ವಿಷ ಕುದಿಗೆ ಸಾಯುತ್ತೆ. ಅದಕ್ಕೇ ಗೊಜ್ಜು ಉಂಡ ನಿಮ್ಮ ಮಗ ಎತ್ತಿನ ಹಾಗಿದಾನೆ."

ಮೊದಲ ಇಲಿ ಮಗುಚಿ ಬಿತ್ತು. ಮತ್ತೆ ಏಳಲಿಲ್ಲ.

ನಿಚುಹೆ ಅಂಗಳದ ಕಡೆ ತಿರುಗಿ ನೋಡಿದಳು. ಹೇಳದಿದ್ದರೆ ಯಾರಿಗೂ ತಿಳಿಯದು. ಮಗು ಅಂಗಳದಲ್ಲಿ ಕುಂಟಾಟ ಆಡುತ್ತಿದೆ, ಕಣ್ಣು ನೆಟ್ಟಗಿದೆ. ಏನೂ ಆಗದೆಯೂ ಇರಬಹುದು. ಆಗಬಹುದು. ಹೇಳಿದರೆ ಮಗನ ಮುಖ ನೋಡುವುದು ಹೇಗೆ? ಎರಡನೆಯ ಇಲಿಯ ಪಕ್ಕೆ ಇನ್ನೊಮ್ಮೆ ಒಳಕ್ಕೆ ಹೋಯಿತು, ಹೊರಕ್ಕೆ ಬರಲು ತಡವಾಯಿತು.

"ಉರ್ಗುನ್, ಮಗೂಗೆ ಕೊಟ್ಟೆ ಕಣೇ," ಎಂದಳು.

"ಯಾವ ಮಗೂಗೆ? ಯಾವಾಗ?"

"ಫಿಯಾಂಗುಗೆ. ಇವತ್ತು ಬೆಳಗ್ಗೆ. ತಿರುಳೇ ಕೊಟ್ಟೆ."

ಉರ್ಗುನ್ ಬೈಯಲಿಲ್ಲ. ಬೈಯುವಷ್ಟು ಹೊತ್ತೂ ಇರಲಿಲ್ಲ. "ಹೇಳಿದ್ರಲ್ಲ, ಸದ್ಯ," ಎಂದು ಮಗುವನ್ನು ಎತ್ತಿಕೊಂಡು ಓಡಿದಳು. ಪಕ್ಕದ ಮನೆಯ ಕುದುರೆಗಾಡಿ ಸಿಕ್ಕಿತು. ದೋಣಿಕಟ್ಟೆಯಲ್ಲಿ ದೋಣಿ ಆಚೆ ದಡದಲ್ಲಿತ್ತು. ಅದು ಈಚೆ ಬರುವಷ್ಟು ಹೊತ್ತೂ ಅಜ್ಜಿ ಮೊಮ್ಮಗಳ ಮುಂದೆ ಬೆರಳು ಹಿಡಿದು ಕೇಳುತ್ತಲೇ ಇದ್ದಳು. "ಎಷ್ಟೇ ಬೆರಳು?"

"ಒಂದು."

"ಈಗ?"

"ಒಂದೇ ಅಜ್ಜಿ. ನಿಂಗೆ ಲೆಕ್ಕ ಬರಲ್ವಾ?"

ಆಸ್ಪತ್ರೆಯಲ್ಲಿ ಮಗುವಿನ ಹೊಟ್ಟೆ ತೊಳೆದರು. ಹೊಸದಾಗಿ ತರಿಸಿದ್ದ ವಿಷಹಾರಿ ಮದ್ದು ಚುಚ್ಚಿದರು. ರೆಪ್ಪೆ ಇಳಿದರೆ ಕೂಡಲೇ ಕೂಗಿ ಎಂದರು. ಮೂರು ದಿನ ಅಜ್ಜಿ ಆ ರೆಪ್ಪೆಗಳನ್ನೇ ನೋಡುತ್ತ ಕೂತಳು. ಅವು ಇಳಿಯಲಿಲ್ಲ. ಗೋಡೆಯಾಚೆ ಹೋಜೋ ಮಾತಿಲ್ಲದೆ, ಆದರೆ ಎಲ್ಲವೂ ತಿಳಿಯುವ ಎಚ್ಚರದಲ್ಲಿ, ಹದಿನೆಂಟು ದಿನ ಮಲಗಿದ್ದಳು. ಹತ್ತೊಂಬತ್ತನೆಯ ದಿನ ಒಂದು ಚಮಚ ಗಂಜಿ ಅವಳ ಗಂಟಲಲ್ಲಿ ಇಳಿಯಿತು.

ಅದಕ್ಕೆ ಮುಂಚೆಯೇ, ಅಜ್ಜಿ ಮೊಮ್ಮಗಳೊಂದಿಗೆ ಊರಿಗೆ ಮರಳಿದ ಕೂಡಲೇ, ಉರ್ಗುನ್ ಹೆಂಗಸರನ್ನೆಲ್ಲ ಸೇರಿಸಿ ಉಂಡೆಯ ವಿಷಯ ಹೇಳಿದಳು. ಯಾರೂ ಒಪ್ಪಲಿಲ್ಲ. "ಇಲಿ ಸತ್ತರೆ ಸಾಯ್ಲಿ. ನಮ್ಮಜ್ಜಿ, ಮುತ್ತಜ್ಜಿ ಎಲ್ಲಾ ತಿರುಳು ತಿಂದೇ ಬೆಳೆದೋರು," ಎಂದಳು ಒಬ್ಬಳು. ಎಲ್ಲರೂ ನಕ್ಕರು. ಆಗ ನಿಚುಹೆ ಎದ್ದು ನಿಂತಳು.

"ನನ್ನ ಮಗಳು ನಿಮಗೆ ನೆನಪಿದಾಳಾ? ಇಪ್ಪತ್ತು ವರ್ಷದ ಹಿಂದೆ, ಇದೇ ಹೂವಿನ ಕಾಲದಲ್ಲಿ ಹೋದ್ಲು. ಒಂಬತ್ತು ವರ್ಷ ಅವಳಿಗೆ. ಗಾಳಿ ಸೋಕು ಅಂದ್ರಿ, ನಾನೂ ಅಂದೆ. ಕುರಿ ಕಡಿಸಿ ಪೂಜೆ ಮಾಡ್ಸಿದೆ. ಆ ವಾರ ಅವಳ ಬಾಯಿಗೆ ತಿರುಳು ಇಟ್ಟವಳು ನಾನು. ಎಲ್ಲರಿಗಿಂತ ದೊಡ್ಡ ತುಂಡು ಇಟ್ಟೆ. ಯಾಕಂದ್ರೆ ಒಬ್ಬಳೇ ಮಗಳು."

ಆ ಸಂಜೆ ಊರಿನ ಒಂದೊಂದೇ ಮನೆಯಿಂದ ಹುಲ್ಲಿನ ಕಟ್ಟುಗಳು ಹೊರಬಂದವು. ಉಂಡೆಗಳನ್ನು ಹೊಲದಾಚೆ ಆಳದ ಗುಂಡಿ ತೋಡಿ, ಸುಟ್ಟು, ಹೂತರು.

ಕೇಳುತ್ತಿರುವ ಅಕ್ಕತಂಗಿಯರೇ, ಆ ಉಂಡೆ ನಮ್ಮ ಮನೆಗಳಲ್ಲಿಲ್ಲ. ಆದರೆ ಗಾಳಿಯಾಡದ ಡಬ್ಬಿ, ಉಬ್ಬಿದ ಪೊಟ್ಟಣ, ವಾಸನೆ ತಿರುಗಿದ ಭರಣಿ ನಮ್ಮಲ್ಲೂ ಉಂಟು. "ಕೆಟ್ಟಿದೆಯಾ ನೋಡೋಣ" ಎಂದು ನಾಲಿಗೆಗೆ ಹಚ್ಚಬೇಡಿ. ಆ ವಿಷಕ್ಕೆ ನಾಲಿಗೆಯ ಮೇಲಿನ ಒಂದು ಚೂರು ಸಾಕು. ಅನುಮಾನ ಬಂದರೆ ಎಸೆದುಬಿಡಿ. ಕುದಿಸಿದರಾಯಿತು ಎಂದೂ ಬೀಗಬೇಡಿ. ಉಂಡೆಯ ವಿಷ ಕುದಿಗೆ ಸತ್ತಿತು, ನಿಜ. ಆದರೆ ಹೊರಗೇ ಬಿಟ್ಟ ಅನ್ನದಲ್ಲಿ, ಹುಣ್ಣಾದ ಕೈ ತಾಗಿದ ಸಿಹಿಯಲ್ಲಿ ಹುಟ್ಟುವ ಬೇರೆ ವಿಷಗಳಿವೆ, ಅವು ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ಮಾಡಿದ್ದನ್ನು ಬಿಸಿಯಿರುವಾಗಲೇ ಉಣ್ಣಿ, ಮಿಕ್ಕಿದ್ದನ್ನು ಬೇಗ ತಂಪಿನಲ್ಲಿಡಿ. ರೆಪ್ಪೆ ಜೋತರೆ, ಒಂದು ಎರಡಾಗಿ ಕಂಡರೆ, ನುಂಗಲು ಆಗದಿದ್ದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ. ಅಲ್ಲಿ ವೈದ್ಯರು "ಏನು ತಿಂದಿರಿ" ಎಂದು ಕೇಳಿದಾಗ ನಾಚದೆ ಹೇಳಿ. ಯಾರು ಕೊಟ್ಟರು ಎಂಬುದನ್ನೂ ಹೇಳಿ, ಕೊಟ್ಟವರು ನೀವೇ ಆಗಿದ್ದರೂ.