ಅಮ್ಮಿಯ ಹೊಲಿಗೆ ಮಿಷನ್ನಿಗೆ ದೀಪ

ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನ ಹಿಂದಿನ ಬೀದಿಯವರೆಲ್ಲ ಬಟ್ಟೆ ಹೊಲಿಸಲು ಖುರ್ಷಿದ್ ಬೇಗಂ ಹತ್ತಿರವೇ ಬರುತ್ತಿದ್ದರು. ಎರಡು ಸಾವಿರದ ಎಂಟರ ಬೇಸಿಗೆ, ಮದುವೆ ಕಾಲ ಬೇರೆ, ಸಂಜೆಯಾದರೆ ಕರೆಂಟಿಲ್ಲ. ಕಪ್ಪು ಬುರ್ಖಾಗೆ ಕಪ್ಪು ದಾರ ಹಾಕಲು ಲಾಟೀನು ಸಾಲದು ಎಂದು ಆಕೆ ದಿನಾ ಗೊಣಗುವರು. ಮಗ ಜುಬೇರ್ ಯುಪಿಎಸ್ ರಿಪೇರಿ ಮಾಡುವವನು. ತಾನೇ ಒಂದು ಎಲ್‌ಇಡಿ ದೀಪ ಮಾಡಿಕೊಡಲು ಹೊರಟ.

ಒಂದೊಂದು ವ್ಯಾಟಿನ ಮೂರು ಎಲ್‌ಇಡಿ ಸಾಲಾಗಿ ಜೋಡಿಸಿ, ವಿದ್ಯುತ್ತಿಗೆ ತಡೆಯಾಗಿ ಒಂದು ರೆಸಿಸ್ಟರ್ ಹಾಕಿ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಕೊಟ್ಟ. ಚೆನ್ನಾಗಿಯೇ ಉರಿಯಿತು. ಕರೆಂಟು ಬಂದು ಬ್ಯಾಟರಿ ಚಾರ್ಜ್ ಆಗತೊಡಗಿದಾಗ ವೋಲ್ಟೇಜು ಏರಿತು. ಎಲ್‌ಇಡಿಗಳು ಅಳತೆ ಮೀರಿ ವಿದ್ಯುತ್ತು ಎಳೆದುಕೊಂಡು ಸುಟ್ಟವು. ವೋಲ್ಟೇಜು ಏರಲಿ ಇಳಿಯಲಿ, ಒಂದೇ ಅಳತೆಯಲ್ಲಿ ವಿದ್ಯುತ್ತು ಬಿಡುವ ಡ್ರೈವರ್ ಇಲ್ಲದೆ ಇದು ನಡೆಯದು ಎಂದುಕೊಂಡು, ಬೆಂಗಳೂರಿಗೆ ಹೋದಾಗ ಮುನ್ನೂರೈವತ್ತು ಮಿಲಿಆಂಪಿನ ಡ್ರೈವರ್ ತಂದ.

ಹೊಸ ಎಲ್‌ಇಡಿಗಳನ್ನು ಹಲಗೆಗೆ ಅಂಟಿಸಿದ್ದ. ಸ್ವಲ್ಪ ಹೊತ್ತಿಗೇ ಬೆಳಕು ಮಂಕಾಯಿತು. ಮುಟ್ಟಿದರೆ ಬೆರಳು ಚುರ್ ಎಂದಿತು. ಶಾಖ ಹೊರಗೆ ಹೋಗಲು ಮರದಲ್ಲಿ ದಾರಿ ಎಲ್ಲಿದೆ? ಕೆಟ್ಟ ಆಂಪ್ಲಿಫೈಯರಿನ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಹೀಟ್‌ಸಿಂಕ್ ಬಿಚ್ಚಿ, ಶಾಖ ದಾಟಿಸುವ ಬಿಳಿ ಪೇಸ್ಟು ತೆಳ್ಳಗೆ ಸವರಿ, ಅದರ ಮೇಲೆ ಎಲ್‌ಇಡಿ ಕೂರಿಸಿ ಸ್ಕ್ರೂ ಬಿಗಿದ. ಆಮೇಲೆ ಎಷ್ಟು ಹೊತ್ತು ಉರಿದರೂ ಉಗುರುಬೆಚ್ಚಗಿತ್ತು, ಅಷ್ಟೆ.

“ಹೆಂಗೈತೆ ಅಮ್ಮಿ?”

“ಪರವಾಗಿಲ್ಲ ಕಣಪ್ಪ. ಆದ್ರೂ ಮಂಜು ಕವಿದಂಗೈತೆ.”

ಮೂರು ವ್ಯಾಟಿನ ಎಲ್‌ಇಡಿ ಬಂತು, ಎರಡರಷ್ಟು ವಿದ್ಯುತ್ತು ಬಿಡುವ ಡ್ರೈವರ್ ಬಂತು, ಅದರ ಶಾಖಕ್ಕೆ ಇಟ್ಟಿಗೆಯಷ್ಟು ದಪ್ಪದ ಹೀಟ್‌ಸಿಂಕ್ ಬಂತು. ಭಾರಕ್ಕೆ ಸ್ಟ್ಯಾಂಡು ಬಾಗಿತು. ಅಮ್ಮಿ ಮಾತ್ರ ಸಾಲದು ಎಂದೇ ಹೇಳಿದರು. ಜುಬೇರ್ ಇನ್ನು ಅದನ್ನು ತಣಿಸಲು ಫ್ಯಾನ್ ಕೂರಿಸುವ ಲೆಕ್ಕದಲ್ಲಿದ್ದ.

ಅವನ ಹೆಂಡತಿ ನೌಶೀನ್ ಒಂದು ಸಂಜೆ ಮಿಷನ್ನಿನ ಮುಂದೆ ಕೂತು ಕಪ್ಪು ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯ್ತು.

“ಕಣ್ಣಿಗೆ ಹೊಡೀತೈತೆ ಕಣ್ರೀ ಈ ಬೆಳಕು. ದೀಪ ಬುಡಿ, ಮೊದ್ಲು ಅಮ್ಮಿ ಕಣ್ಣು ತೋರ್ಸಿ.”

ಜುಬೇರ್ ತಾಯಿಯ ಕಡೆ ನೋಡಿದ. ಆಕೆ ಮಡಿಲಲ್ಲಿದ್ದ ಬಟ್ಟೆ ಸವರುತ್ತಾ ಕೂತಿದ್ದರು.

“ಗೊತ್ತಿತ್ತಾ ಅಮ್ಮಿ ನಿಮಗೆ?”

“ಅನುಮಾನ ಇತ್ತು. ಹೇಳಿದ್ರೆ ಹೊಲಿಗೆ ಬುಡು ಅಂತೀಯಾ ಅಂತ ಸುಮ್ಕಿದ್ದೆ.”

ಅವನಿಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಎಲ್‌ಇಡಿಯ ಬಿಸಿಯನ್ನು ದಿನಕ್ಕೆಷ್ಟೋ ಸಲ ಮುಟ್ಟಿ ನೋಡಿದವನು ಅಮ್ಮಿಯ ಮುಖವನ್ನು ನೆಟ್ಟಗೆ ನೋಡಿರಲಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಒಂದಾದ ಮೇಲೊಂದು ಆಪರೇಷನ್ ಆಯಿತು. ಅಷ್ಟು ದಿನ ಒಪ್ಪಿಕೊಂಡಿದ್ದ ಬಟ್ಟೆಯನ್ನೆಲ್ಲ ನೌಶೀನ್ ಹೊಲಿದಳು.

ಮತ್ತೆ ಮಿಷನ್ನಿಗೆ ಕೂತ ದಿನ ಅಮ್ಮಿ ಕಣ್ಣಿಗೆ ಕೈ ಅಡ್ಡ ಹಿಡಿದರು. “ಇದೇನಪ್ಪ, ಬಿಸಿಲನ್ನೇ ತಂದು ಕಟ್ಟಿದೀಯಲ್ಲ.”

ಜುಬೇರ್ ದೊಡ್ಡ ಡ್ರೈವರ್ ಬಿಚ್ಚಿ ಹಳೆಯದನ್ನೇ ಹಾಕಿದ. ಬೆಳಕು ಹದಕ್ಕೆ ಬಂತು. ಖುರ್ಷಿದ್ ಬೇಗಂ ಸೊಸೆ ಹೊಲಿದ ತೋಳೊಂದನ್ನು ಅದರ ಕೆಳಗೆ ಹಿಡಿದು, ತಿರುಗಿಸಿ ನೋಡಿದರು.

“ನೌಶೀನ್, ಈ ಹೊಲಿಗೆ ಸೊಟ್ಟಗೈತೆ. ಬಾ, ಬಿಚ್ಚು.”

ನೌಶೀನ್ ನಗುತ್ತಾ ಕತ್ತರಿ ಹಿಡಿದು ಬಂದು ಪಕ್ಕದಲ್ಲಿ ಕೂತಳು.