ಇಪ್ಪತ್ತನೆಯ ಹೆಸರು

ಸರ್ಕಾರದ ಲೆಕ್ಕದಲ್ಲಿ ಹೋದ ಜೂನ್ ಒಂದಕ್ಕೆ ನನಗೆ ಅರವತ್ತು ತುಂಬಿತು. ನಿಜವಾಗಿ ಐವತ್ತಾರು. ಅರವತ್ತಾದ ಬಿಸಿಯೂಟದ ಅಡುಗೆಯವರು ಸೌಟು ಕೆಳಗಿಟ್ಟು ಮನೆಗೆ ಹೋಗಬೇಕು, ಅದು ಕಾನೂನು. ಹಾಗಾಗಿ ಮಾವಿನಮಕ್ಕಿ ಶಾಲೆಯಲ್ಲಿ ಇಪ್ಪತ್ತೊಂದು ವರ್ಷ ಅನ್ನ ಬೇಯಿಸಿದ ಪ್ರೇಮಕ್ಕನಿಗೆ, ಎಂದರೆ ನನಗೆ, ಒಂದು ಕಾಗದ ಬಂತು. ಹೂವಿಲ್ಲ, ಹಾರವಿಲ್ಲ. ಕಾಗದ ತಂದುಕೊಟ್ಟ ಅರ್ಪಣಾ ಟೀಚರ್ ಮುಖ ಕೊಟ್ಟು ಮಾತಾಡಲೂ ಇಲ್ಲ.

ನಾಲ್ಕು ವರ್ಷ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮಪ್ಪಯ್ಯನನ್ನು ತೋರಿಸಬೇಕು. ಹೆಸರು ಜಟ್ಟಪ್ಪ. ಎಂಬತ್ತನಾಲ್ಕು ದಾಟಿದೆ, ಕಣ್ಣು ಕಿವಿ ಎರಡೂ ನನಗಿಂತ ಚುರುಕು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು.

ಅಪ್ಪಯ್ಯ ಹುಡುಗನಾಗಿದ್ದಾಗ ನಮ್ಮ ಕಡೆಯ ಮಕ್ಕಳು ಹಳ್ಳ ದಾಟಿ, ಗುಡ್ಡ ಇಳಿದು, ನಾಲ್ಕು ಮೈಲಿ ದೂರದ ಶಾಲೆಗೆ ಹೋಗಬೇಕಿತ್ತು. ಒಂದು ಆಷಾಢದಲ್ಲಿ ಅವನ ತಮ್ಮ ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕದಿಂದ ಜಾರಿ ಬಿದ್ದ. ಮೂರನೆಯ ದಿನ ಹೆಣ ಸಿಕ್ಕಿತು, ಚೀಲ ಹೆಗಲಲ್ಲೇ ಇತ್ತಂತೆ. ಆಮೇಲೆ ಅಪ್ಪಯ್ಯ ಶಾಲೆಯ ಕಡೆ ತಲೆ ಹಾಕಲಿಲ್ಲ. ಆದರೆ ಇಪ್ಪತ್ತೈದು ದಾಟಿದ್ದೇ ನಮ್ಮೂರಿಗೇ ಒಂದು ಶಾಲೆ ಬೇಕೆಂದು ಹುಚ್ಚು ಹಿಡಿದವನಂತೆ ಕೊಪ್ಪದ ಶಿಕ್ಷಣ ಇಲಾಖೆಯ ಆಫೀಸಿಗೆ ಓಡಾಡಿದ. ಇಪ್ಪತ್ತು ಮಕ್ಕಳನ್ನು ತೋರಿಸಿ, ಶಾಲೆ ಕೊಡುತ್ತೇವೆ ಎಂದರು ಅಲ್ಲಿಯವರು. ಮನೆಮನೆ ಅಲೆದ. ಹತ್ತೊಂಬತ್ತಕ್ಕೆ ನಿಂತಿತು.

ಇಪ್ಪತ್ತನೆಯವಳು ನಾನು. ಆಗ ನನಗೆ ಎರಡು ವರ್ಷ. ಎಣಿಸಲು ಬಂದ ಇನ್‌ಸ್ಪೆಕ್ಟರ ಮುಂದೆ ಅಪ್ಪಯ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತ. “ಎಷ್ಟು ವರ್ಷ?” ಎಂದು ಅವರು ಕೇಳಿದರು. “ಆರು ಸ್ವಾಮಿ. ಕಾಯಿಲೆ ಕೂಸು, ಬೆಳೀಲಿಲ್ಲ.” ಇನ್‌ಸ್ಪೆಕ್ಟರು ನನ್ನ ಮೂಗಿನ ಸಿಂಬಳ ನೋಡಿದರು, ಅಪ್ಪಯ್ಯನ ಮುಖ ನೋಡಿದರು, ನಕ್ಕು ಬರೆದುಕೊಂಡರು. ಹುಟ್ಟಿದ ದಿನ ಜೂನ್ ಒಂದು, ಸಾವಿರದ ಒಂಬೈನೂರ ಅರವತ್ತನಾಲ್ಕು. ಹೆಸರು ಬರೆಸಿದ ವರ್ಷವೇ, ಎಪ್ಪತ್ತರಲ್ಲಿ, ಶಾಲೆ ಶುರುವಾಯಿತು. ಊರೆಲ್ಲ ಪಾಯಸ ಉಂಡಿತು.

ಈ ಕತೆಯನ್ನು ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಶಾಲೆಯ ಐವತ್ತನೇ ವರ್ಷದ ವೇದಿಕೆಯಲ್ಲಿ ಅಪ್ಪಯ್ಯ ಹೇಳಿದ್ದೇ ಹೇಳಿದ್ದು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮುಂದಿನದನ್ನು ಮಾತ್ರ ಅವನು ಹೇಳುತ್ತಿರಲಿಲ್ಲ.

ಮುಂದಿನದು ಹೀಗೆ. ನನಗೆ ನಿಜವಾಗಿ ಆರು ತುಂಬಿ ಶಾಲೆಗೆ ಹೋದಾಗ ನಾನು ಪುಸ್ತಕದಲ್ಲಿ ನಾಲ್ಕನೇ ಕ್ಲಾಸು ಪಾಸಾಗಿ ಆಗಿತ್ತು! ಅ ಬರೆಯಲು ಬಾರದವಳು ಪಾಸು. ಇನ್ನೊಂದು ಸಲ ಹೆಸರು ಬರೆದರೆ ಮೊದಲಿನದು ಸುಳ್ಳೆಂದು ಗೊತ್ತಾಗುತ್ತದೆಂದು ಮೇಷ್ಟರು ಹೆದರಿದರು. ಹಿಂದೆ ಕೂತು ಕಲಿ ಎಂದರು. ನಾಲ್ಕು ವರ್ಷ ದಿನಾ ಹಾಜರಿ ಕರೆದರು, ಒಂದು ದಿನವೂ ನನ್ನ ಹೆಸರು ಬರಲಿಲ್ಲ. ನನಗೂ ಒಮ್ಮೆ “ಬಂದೀನಿ ಸಾರ್” ಅನ್ನಬೇಕೆಂದು ಎಷ್ಟು ಆಸೆಯಿತ್ತು ಎಂದರೆ, ಮನೆಯಲ್ಲಿ ದನದ ಕೊಟ್ಟಿಗೆಯಲ್ಲಿ ನನ್ನ ಹೆಸರನ್ನು ನಾನೇ ಕರೆದು ನಾನೇ ಓಗೊಡುತ್ತಿದ್ದೆ. ಐದನೇ ಕ್ಲಾಸಿಗೆ ಕೆಳಗಿನ ಶಾಲೆಗೆ ಹೋದರೆ, ಟಿಸಿ ನೋಡಿದ ಹೆಡ್‌ಮಾಸ್ಟರು, “ಹದಿನಾಲ್ಕು ವರ್ಷದವಳಾ ಇವಳು?” ಎಂದರು. ನಿಜ ಹೇಳಿದರೆ ಶಾಲೆಗೆ ಕುತ್ತು. ಅಪ್ಪಯ್ಯ ಬಾಯಿ ಬಿಡಲಿಲ್ಲ. ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದ. ನನ್ನ ಓದು ಅಲ್ಲಿಗೆ ಮುಗಿಯಿತು.

ಅದನ್ನು ನುಂಗಿಕೊಂಡೆ. ಆದರೆ ಈಗ ಕೆಲಸವನ್ನೂ ನುಂಗುವುದೆಂದರೆ ನನ್ನಿಂದ ಆಗಲಿಲ್ಲ. ಗಂಡ ಸತ್ತ ಮೇಲೆ ನನಗೆ ಮನೆಯಲ್ಲಿ ಮಾತಿಗೆ ಅಪ್ಪಯ್ಯನೊಬ್ಬ, ಹೊರಗೆ ಆ ಮಕ್ಕಳು. “ಪ್ರೇಮಕ್ಕಾ, ಇನ್ನೊಂಚೂರು ಸಾರು” ಎಂದು ತಟ್ಟೆ ಒಡ್ಡುವವರಿಲ್ಲದಿದ್ದರೆ ನಾನು ಬೆಳಿಗ್ಗೆ ಯಾಕೆ ಏಳಬೇಕು, ಹೇಳಿ.

ಅರ್ಪಣಾ ಟೀಚರ್ ದಾರಿ ಹೇಳಿಕೊಟ್ಟರು. ಅದರ ಜೊತೆಗೆ ಇನ್ನೊಂದು ಸುದ್ದಿಯನ್ನೂ ಹೇಳಿದರು. “ಪ್ರೇಮಕ್ಕ, ಉಳಿದಿರೋದು ಎರಡೇ ಮಕ್ಕಳು. ಅವ್ರೂ ವ್ಯಾನಿನ ಶಾಲೆಗೆ ಹೋಗ್ತಾರಂತೆ. ಈ ಶಾಲೆ ಮುಚ್ಚೋದು ಗ್ಯಾರಂಟಿ. ಆದ್ರೆ ನಿಮಗಿನ್ನೂ ಅರವತ್ತಾಗಿಲ್ಲ ಅಂತ ಆದ್ರೆ ಕೆಳಗಿನ ದೊಡ್ಡ ಶಾಲೆ ಅಡುಗೆಗೆ ಹಾಕ್ತಾರೆ. ನಿಮ್ಮನ್ನ ಶಾಲೆಗೆ ಸೇರಿಸಿದವರು ಯಾರಾದ್ರೂ ಇದ್ರೆ ಕೊಪ್ಪದ ಆಫೀಸಲ್ಲಿ ಎದುರು ನಿಂತು ನಿಜವಾದ ವಯಸ್ಸು ಹೇಳ್ಬೇಕು.”

ಸೇರಿಸಿದವರಲ್ಲಿ ಬದುಕಿದ್ದವನು ಅಪ್ಪಯ್ಯ ಒಬ್ಬನೇ. ಆಫೀಸಿಗೆ ಬಂದು ನಿಜ ಹೇಳು ಎಂದು ಕೇಳಿದೆ, ಶಾಲೆ ಮುಚ್ಚುವ ಸುದ್ದಿಯನ್ನು ಮಾತ್ರ ಅವನಿಗೆ ಹೇಳಲಿಲ್ಲ. ಎದೆ ಒಡೆದುಕೊಂಡಾನು ಎಂದು ಹೆದರಿದೆ. ನನ್ನ ತಪ್ಪು ಅದೊಂದೇ.

“ಹೇಳ್ತೀನಿ ಮಾರಾಯ್ತಿ, ಎಂತ ಹೆದ್ರಿಕೆ?” ಎಂದ. “ಸುಳ್ಳು ಹೇಳಿದ್ದು ನಾನು. ಎರಡೇ ವರ್ಷ ಅಂತ ಬರ್ಕಂಡು ಹೋಗ್ಲಿ. ನಿಂಗೆ ಒಂದ್ಸಲ ಅನ್ಯಾಯ ಮಾಡೀನಿ, ಇನ್ನೊಂದ್ಸಲ ಮಾಡ್ತೀನಾ?” ಅರ್ಧ ಶತಮಾನದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆಫೀಸಿನಲ್ಲಿ ಜನ ತುಂಬಿದ್ದರು. ಅಧಿಕಾರಿ ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಅಪ್ಪಯ್ಯನಿಗೆ ಕುರ್ಚಿ ಹಾಕಿಸಿದರು. ಹಳೆಯ ದಾಖಲಾತಿ ಪುಸ್ತಕವನ್ನು ತೆರೆದು ಇಪ್ಪತ್ತನೆಯ ಹೆಸರಿನ ಮೇಲೆ ಬೆರಳಿಟ್ಟರು.

“ಯಜಮಾನ್ರೇ, ನೀವು ಈಗ್ಲೇ ಬಂದಿದ್ದು ಒಳ್ಳೇದಾಯ್ತು. ಇನ್ನು ಸ್ವಲ್ಪ ದಿನ ಹೋಗಿದ್ರೆ ಈ ಪುಸ್ತಕ ಸಿಗ್ತಿರ್ಲಿಲ್ಲ. ಮಾವಿನಮಕ್ಕೀಲಿ ಶಾಲೆ ತೆಗೀತಾ ಇದೀವಿ, ಅದಕ್ಕೇ ಎಲ್ಲಾ ಲೆಕ್ಕ ನೋಡ್ತಿದೀವಿ. ಈಗ ಹೇಳಿ, ಹೆಸರು ಬರೆಸಿದಾಗ ಮಗಳಿಗೆ ಎಷ್ಟು ವರ್ಷ?”

ಅಪ್ಪಯ್ಯ ಕುರ್ಚಿಯಿಂದ ಎದ್ದೇಬಿಟ್ಟ. “ಶಾಲೆ ತೆಗೀತೀರಾ ಸ್ವಾಮಿ? ಮಾವಿನಮಕ್ಕೀಲಿ?”

“ಹೌದು, ಆರ್ಡರ್ ಆಗಿದೆ.”

ಅಪ್ಪಯ್ಯನ ಮುಖ ಅರಳಿದ್ದನ್ನು ಕಂಡೆ. ಅವನಿಗೆ ಏನು ಕೇಳಿಸಿತೆಂದು ನನಗೆ ಹೊಳೆಯುವಷ್ಟರಲ್ಲಿ ಅವನು ಸೆಟೆದು ನಿಂತು, ಹಳೆಯ ದನಿಯಲ್ಲಿ ಹೇಳಿಯಾಗಿತ್ತು.

“ಆರು, ಸ್ವಾಮಿ. ಆರು ತುಂಬಿತ್ತು.”

“ಅಪ್ಪಯ್ಯಾ!” ಎಂದು ಚೀರಿದೆ. ಅವನು ನನ್ನ ಕಡೆ ನೋಡಲಿಲ್ಲ. ಅಧಿಕಾರಿ ಬರೆದುಕೊಂಡರು, ಓದಿ ಹೇಳಿದರು. ಅಪ್ಪಯ್ಯ ಹೆಬ್ಬೆಟ್ಟು ಒತ್ತಿದ. “ಅಪ್ಪನೇ ಹೇಳಿದ ಮೇಲೆ ಮುಗೀತಲ್ಲ ತಾಯಿ” ಎಂದು ಅಧಿಕಾರಿ ಇನ್ನೊಬ್ಬರನ್ನು ಕರೆದರು.

ಜಗುಲಿಗೆ ಬಂದ ಮೇಲೆ ಅಪ್ಪಯ್ಯ ನನ್ನ ಕೈ ಹಿಡಿದುಕೊಂಡ. ಮುಖದಲ್ಲಿ ಸಂಭ್ರಮ. “ಬೈಬೇಡ ಕೂಸೇ. ಹಳೇದರ ಜಾಗದಲ್ಲಿ ಹೊಸ ಶಾಲೆ ತೆಗೀತಾರಂತೆ. ಲೆಕ್ಕದಲ್ಲಿ ಒಂದು ಹೆಸರು ತಪ್ಪಿದ್ರೆ ಎಲ್ಲಿ ಕೈಬಿಡ್ತಾರೋ ಅಂತ ಹಂಗೆ ಹೇಳಿದೆ. ನಿನ್ನ ಕೆಲ್ಸ ಹೋಗ್ಲಿ ಬಿಡು, ಸಣ್ಣ ಮಕ್ಳು ಬರ್ತಾರಲ್ಲ.”

ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಗೊತ್ತಿದ್ದೂ ಮತ್ತೆ ನನ್ನನ್ನೇ ಕೊಟ್ಟಿದ್ದ. ಸುಮ್ಮನಿದ್ದರೆ ಇವನು ಸಂತೋಷದಲ್ಲೇ ಸಾಯುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. “ತೆಗೆಯೋದು ಅಂದ್ರೆ ಶುರು ಮಾಡೋದಲ್ಲ ಅಪ್ಪಯ್ಯ. ಕಿತ್ತು ಹಾಕೋದು! ಬೀಗ ಹಾಕ್ತಾರೆ ನಿನ್ನ ಶಾಲೆಗೆ. ತಿಳೀತಾ? ಬೀಗ!”

ಅವನು ನನ್ನ ಬಾಯನ್ನೇ ನೋಡಿದ. ಆಮೇಲೆ ತಿರುಗಿ, ಸಾಲಿನಲ್ಲಿ ನಿಂತವರನ್ನು ಸರಿಸಿಕೊಂಡು, ಒಳಗೆ ನುಗ್ಗಿದ. ನಾನು ಹಿಂದೆ ಓಡಿದೆ.

“ಎರಡು ಸ್ವಾಮಿ! ಎರಡೇ ವರ್ಷ! ನಾನು ಸುಳ್ಳು ಹೇಳಿದ್ದು, ಇದೇ ಹೆಗಲ ಮೇಲೆ ಹೊತ್ಕಂಡು ಹೋಗಿದ್ದೆ, ಹಾಲು ಕುಡಿಯೋ ಕೂಸು ಸ್ವಾಮಿ!”

ಅಧಿಕಾರಿ ತಲೆ ಎತ್ತಿ ಅವನನ್ನು ನೋಡಿದರು, ನನ್ನನ್ನು ನೋಡಿದರು. ನಾನೇ ಹೊರಗೆ ಹೇಳಿಕೊಟ್ಟು ಕಳಿಸಿದ್ದೆಂದು ಅವರಿಗೆ ಅನ್ನಿಸಿತು, ಯಾರಿಗೇ ಆದರೂ ಹಾಗೇ ಅನ್ನಿಸುತ್ತಿತ್ತು. “ಏನಮ್ಮ ಇದು? ಐದು ನಿಮಿಷದಲ್ಲಿ ನಾಲ್ಕು ವರ್ಷ ಇಳಿಸಿಬಿಟ್ರಾ?” ಎಂದರು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು.

ಅಪ್ಪಯ್ಯ ನಗುವವರ ನಡುವೆ ನಿಂತು, ಬಗ್ಗಿ, ತನ್ನ ಹೆಗಲನ್ನು ತಟ್ಟಿ ತಟ್ಟಿ ತೋರಿಸುತ್ತಲೇ ಇದ್ದ.