ಸೀಮೆಸುಣ್ಣದ ಸುತ್ತು

ಟಿಕೆಟ್ ಕೊಂಡವರೆಲ್ಲ ಹಡಗಿನ ದೊಡ್ಡ ಫಿರಂಗಿಗಳತ್ತ ನಡೆದರು. ನಾನು ಮಾತ್ರ ಕಬ್ಬಿಣದ ಏಣಿ ಹಿಡಿದು ಬಾಯ್ಲರ್ ಕೋಣೆಗೆ ಇಳಿದೆ. ಮಂಡಿ ಬೇಡ ಬೇಡ ಎನ್ನುತ್ತಿತ್ತು. ಅದರ ಮಾತು ಯಾರಿಗೆ ಬೇಕು?

ಈ ‘ಸ್ಟ್ರಾತ್‌ಕೆನ್’ ಯುದ್ಧನೌಕೆ ಹುಟ್ಟಿದ್ದು ಕ್ಲೈಡ್ ನದಿಯ ದಂಡೆಯಲ್ಲಿ, ನಮ್ಮೂರಲ್ಲೇ. ನನ್ನ ತಮ್ಮ ವಾಟಿ ಇದರ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಯುದ್ಧದ ಸಮಯ, ನಲವತ್ತಮೂರನೇ ಇಸವಿಯಲ್ಲಿ ಉತ್ತರದ ಹಿಮಸಮುದ್ರದಲ್ಲಿ ಪಕ್ಕಕ್ಕೇ ಬಾಂಬು ಬಿದ್ದು, ಉಕ್ಕಿನ ಪ್ಲೇಟು ಬಿರಿದು, ಇಲ್ಲಿಗೆ ನೀರು ನುಗ್ಗಿತು. ವಾಟಿ ಸೇರಿ ಐದು ಜನ ಹೋದರು. ಹಡಗಿಗೇನು, ಕುಂಟುತ್ತ ಬಂತು, ರಿಪೇರಿಯಾಯಿತು, ಯುದ್ಧ ಮುಗಿಸಿತು, ಆಮೇಲೆ ತುಕ್ಕು ಹಿಡಿಯುತ್ತ ನಿಂತಿತು. ಗುಜರಿಗೆ ಹೋಗಬೇಕಾದದ್ದನ್ನು ಊರವರು ಅಡ್ಡ ನಿಂತು ಮ್ಯೂಸಿಯಂ ಮಾಡಿದರು.

ವಾಟಿ ಸತ್ತ ತಂತಿ ಬಂದ ದಿನ ನನ್ನ ಗಂಡ ಲಾಕ್ಲನ್ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ.

“ಐಲ್ಸಾ, ನಾನೇ ಕೊಂದೆ ಕಣೇ. ಆ ಹಡಗು ಕಟ್ಟೋವಾಗ ನಮ್ಮ ಯಾರ್ಡಿಂದ ನದಿ ಆಚೆ ಯಾರ್ಡಿಗೆ ಎರಡು ದಿನಕ್ಕೆ ನನ್ನ ಕಳಿಸಿದ್ರಲ್ಲ? ಬಾಯ್ಲರ್ ಕೋಣೇಲಿ, ಬಾಗಿಲ ಪಕ್ಕದ ಮೇಲಿನ ಸಾಲು, ಪ್ಲೇಟು ಬಿಗಿಯೋ ಕೊನೇ ರಿವೆಟ್ ನಾನು ಹೊಡೆದದ್ದು. ತಪಾಸಣೆಯೋನು ತಟ್ಟಿ ನೋಡಿ, ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಹೋದ. ಸಡಿಲ ಅಂತ. ನದಿ ಆಚೆಯೋರ ಮುಂದೆ ನಮ್ಮ ಮಾನ ಹೋಗುತ್ತಲ್ಲ ಅಂತ ತೋಳಲ್ಲಿ ಒರೆಸಿಬಿಟ್ಟೆ.”

“ಮುಚ್ಚು ಬಾಯಿ,” ಎಂದೆ.

ಮೂವತ್ತು ವರ್ಷ ಮುಚ್ಚಿಕೊಂಡೇ ಇದ್ದ. ಟೀ ಕೊಟ್ಟೆ, ಅಂಗಿ ಒಗೆದುಕೊಟ್ಟೆ, ಹಾಸಿಗೆ ಬೇರೆ ಮಾಡಿಕೊಂಡೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅವನನ್ನು ಕ್ಷಮಿಸದೆ ನಾನು ಮಾಡಿದ್ದು ಸರಿಯೇ ಎಂದು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ರಿವೆಟ್ ಅಲ್ಲೇ ಇತ್ತು, ಬಿಳಿ ಬಣ್ಣ ಬಳಿದುಕೊಂಡು. ಚೀಲದಿಂದ ಲಾಕ್ಲನ್‌ನ ಸುತ್ತಿಗೆ ತೆಗೆದು ಕುಟ್ಟಿದೆ.

“ಏನಮ್ಮಾ, ಹಡಗು ಮುಳುಗಿಸೋಕೆ ಬಂದ್ರಾ? ಜರ್ಮನ್ನರ ಕೈಲೇ ಆಗ್ಲಿಲ್ಲ!” ಹಿಂದೆ ಗೈಡ್ ಮುದುಕ ನಿಂತಿದ್ದ. ಪರ್ಡಿ ಎಂದು ಹೆಸರು ಕೋಟಿನ ಮೇಲಿತ್ತು.

“ಇದು ಸಡಿಲ ಇದೆಯಾ, ಹೇಳಿ.”

ಅವನು ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಗೆ ತಟ್ಟಿದ. “ಬಂಡೆ ಇದ್ದ ಹಾಗಿದೆ. ನೀರು ಬಂದಿದ್ದು ಎದುರುಗಡೆಯಿಂದ ತಾಯಿ. ಅಲ್ಲಿನ ಪ್ಲೇಟೆಲ್ಲ ಆಮೇಲೆ ಹಾಕಿದ್ದು.”

“ಮತ್ತೆ ಇದಕ್ಕೆ ಸುತ್ತು ಯಾಕೆ ಹಾಕಿದ್ರು?”

“ಸುತ್ತಾ? ಈ ಹಡಗು ಕಟ್ಟಿದ ಯಾರ್ಡಲ್ಲಿ ತಪಾಸಣೆ ಮಾಡ್ತಿದ್ದೋನೇ ನಾನು! ನಮ್ಮಲ್ಲಿ ಕೊನೇ ರಿವೆಟ್ಟಿಗೆ ಸುತ್ತು ಅಂದ್ರೆ ಸಾಲಿಗೆ ಸಾಲೇ ಪಾಸು. ಕೆಟ್ಟಿದ್ರೆ ಅಡ್ಡಗೀಟು. ನದಿ ಆಚೆ ಯಾರ್ಡಿನೋರದ್ದು ಉಲ್ಟಾ, ಸುತ್ತು ಅಂದ್ರೆ ಕೆಟ್ಟದ್ದು. ಅಲ್ಲಿಂದ ಬಂದೋರು ಬೇಸ್ತು ಬೀಳೋರು, ನಾವು ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ಯಾರ ಕೆಲಸಮ್ಮಾ ಇದು?”

“ನನ್ನ ಗಂಡನದು.”

“ಒಳ್ಳೇ ಕೈ. ಕರ್ಕೊಂಡು ಬನ್ನಿ, ಒಂದು ಬಿಯರ್ ಕುಡಿಸ್ತೀನಿ.”

ನಾನು ಅವನ ಕೋಟಿನ ತೋಳು ಹಿಡಿದುಕೊಂಡೆ.

“ಇನ್ನೊಂದ್ಸಲ ತಟ್ಟಿ ನೋಡಿ,” ಎಂದೆ. “ಸ್ವಲ್ಪನಾದ್ರೂ ಸಡಿಲ ಇರ್ಬೇಕು. ದಯವಿಟ್ಟು ನೋಡಿ.”

ಪಾಪ, ಅವನು ಮತ್ತೆ ತಟ್ಟಿದ. ಗಟ್ಟಿಯಾಗಿಯೇ ಇತ್ತು.